ಹೋಗದ ದಿನದ ಪಗಾರ

ಅಕ್ಕಾರ, ವೈನಿಯಾರ, ಕಾಕುಗೋಳ, ಈ ಯುಗಾದಿಗೆ ಭೆಟ್ಟಿಯಾದವರೊಳಗ ಏಳೆಂಟು ಮಂದಿರ ನನಗ ಒಂದ ಮಾತು ಕೇಳೀರಿ. "ಕಾಲೇಜು ಯಾಕ ಬಿಟ್ಟಿ? ಬೆಂಗಳೂರಾಗ ಕೆಲಸ ಸಿಕ್ಕಿತ್ತಂತಲ್ಲ, ಅದನ್ಯಾಕ ಬ್ಯಾಡ ಅಂದಿ? ಅಷ್ಟು ಕಲ್ತು ಕಡೀಕ ಸಕ್ರಿ ಕಾರ್ಖಾನಿ ಹಿಡದಿ?" ಒಬ್ಬೊಬ್ಬರಿಗೆ ಒಂದೊಂದು ಹೇಳಿ ಜಾರಕೊಂಡೆ. ಹೋಳಿಗಿ ಲಟ್ಟಸ್ಕೋತ ಅಷ್ಟುದ್ದದ ಕಥಿ ಹೇಳಾಕ ಆಗೂದಿಲ್ಲ. ಇವತ್ತ ಆಯ್ತವಾರ. ಕಾರ್ಖಾನಿ ಸೀಜನ್ ಮುಗದೈತಿ, ಮಗಳು ಅಜ್ಜಿ ಕೂಡ ತ್ವಾಟಕ್ಕ ಹೋಗ್ಯಾಳ. ಚಾ ಮಾಡ್ಕೊಂಡು ಕುಂತೀನಿ, ಎಲ್ಲಾ ಬರೀತೀನಿ.

ನಾ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಾಗ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದಾಕಿ. 2014ರಾಗ ಲಗ್ನ ಆಗಿ ಚಿಕ್ಕೋಡಿಗೆ ಬಂದೆ. ಅದ ವರ್ಷ ಹತ್ರದ ಒಂದು ಡಿಗ್ರಿ ಕಾಲೇಜಿನಾಗ ಪಾಠ ಹೇಳಾಕ ಸೇರಿದೆ. ಪಿಎಚ್‌ಡಿ ಮಾಡೂ ಹುಚ್ಚು ಮೊದಲಿಂದ ಇತ್ತು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಾಗ ಶುರು ಆತು. ಅದೊಂದು ಇರದಿದ್ರ ಲಗ್ನ ಆದ ಮ್ಯಾಲೆ ನನಗ ಪಿಎಚ್‌ಡಿ ಅನ್ನೂದು ಕನಸಿನ ಮಾತಾಗಿರ್ತಿತ್ತು. ವಾರಕ್ಕ ಎರಡು ದಿನ ಎರಡು ತಾಸು ಬಸ್ಸಿನಾಗ ಹೋಗಿ, ಎರಡು ತಾಸು ಬಸ್ಸಿನಾಗ ಬಂದು, ಆರು ವರ್ಷ ಹಿಡದು ಮುಗಿಸಿದೆ. ವಿಷಯ ಏನಂದ್ರ, ಕಬ್ಬಿನ ಬಗ್ಯಾಸ ಸುಟ್ಟ ಬೂದಿಯಿಂದ ಹೊಲಸು ನೀರಿನೊಳಗಿನ ಬಣ್ಣ ಹೀರಿಸಿ ತಗಿಯೂದು. ನಮ್ಮ ಮಾಂವನೋರು ಇದ್ದಾಗ ಎಲ್ಲಾರ ಮುಂದ "ನಮ್ಮ ಸೊಸಿ ಬೂದಿಯಾಗ ಡಾಕ್ಟರ್ ಆಗ್ಯಾಳ" ಅಂತ ನಗ್ತಿದ್ರು.

2021ರಾಗ ಪದವಿ ಬಂತು. ಕಾಲೇಜಿನಾಗ ಎಲ್ಲಾರೂ ಡಾಕ್ಟರ್ ಮ್ಯಾಡಮ್ ಅನ್ನಾಕತ್ತಿದ್ರು. ಮೊದಲಿನ ಪಗಾರಾನ ಮುಂದುವರೀತು. ಪಗಾರ ಅನ್ನೂದೂ ತಪ್ಪು, ಕಾಗದದ ಮ್ಯಾಲೆ ಅದರ ಹೆಸರು 'ಗೌರವಧನ'. 2022ರ ಜನವರಿಯಾಗ ಸರಕಾರ ತನ್ನ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಗೌರವಧನ ಏರಿಸ್ತು. ಯುಜಿಸಿ ಹೇಳಿದ ಅರ್ಹತೆ ಇದ್ದು ಐದು ವರ್ಷಕ್ಕಿಂತ ಹೆಚ್ಚು ಸೇವೆ ಆದವರಿಗೆ 13,000 ಇದ್ದದ್ದು 32,000 ಆತು. ಪೇಪರಿನಾಗ ಅದನ್ನ ಓದಿ ನನಗ ಫೋನ್ ಹಚ್ಚಿ "ಪೇಢೆ ಎಲ್ಲಿ?" ಅಂದವರು ನಿಮ್ಮೊಳಗ ಅದೀರಿ. ಆದ್ರ ನಮ್ಮದು ಸರಕಾರಿ ಕಾಲೇಜಲ್ಲ. ನಮ್ಮ ಆಡಳಿತ ಮಂಡಳಿಯವರು ಕೊಡ್ತಿದ್ದದ್ದು 18,000, ಅದೂ ವರ್ಷಕ್ಕ ಹತ್ತು ತಿಂಗಳದ್ದು. ಸರಕಾರಿ ಏರಿಕಿ ನಮ್ಮ ಗೇಟಿನೊಳಗ ಬರಲಿಲ್ಲ.

ರೊಕ್ಕ ಕಡಿಮಿ ಅನ್ನೂದನ್ನ ನಾ ಹೆಂಗೋ ನುಂಗಿದ್ದೆ. ನುಂಗಾಕ ಆಗದ್ದು ಬ್ಯಾರೆ ಇತ್ತು.

2016ರಾಗ ಮಗಳು ಹುಟ್ಟಿದ್ಲು. ಬಾಣಂತನಕ್ಕ ರಜಾ ಕೇಳಾಕ ಹೋದ್ರ "ಮ್ಯಾಡಮ್, ಆರಾಮ ಆಗ್ರಿ, ಮುಂದಿನ ವರ್ಷ ಬರ್ರಿ" ಅಂದ್ರು. ಭಾಳ ಗೋಡಾಗಿ ಅಂದ್ರು. ಮುಂದಿನ ವರ್ಷ ಹೋದಾಗ ನನ್ನ ಕ್ಲಾಸು ಬ್ಯಾರೆಯವರ ಕೈಯಾಗ ಹೋಗಿದ್ವು, ಮತ್ತ ಹೊಸಬರ ಹಂಗ ಕಡಿಮಿ ತಾಸಿನಿಂದ ಶುರು ಮಾಡಿದೆ. 2019ರ ಆಗಸ್ಟಿನಾಗ ಕೃಷ್ಣಾ, ದೂಧಗಂಗಾ, ವೇದಗಂಗಾ ಎಲ್ಲಾ ಹೊಳಿ ಒಮ್ಮೆ ಬಂದು ನಮ್ಮ ತಾಲೂಕಿನ ಅರ್ಧ ಹಳ್ಳಿ ನೀರಾಗ ನಿಂತಿದ್ದು ನಿಮಗ ಮರತಿಲ್ಲ. ಆವಾಗ ಕಾಲೇಜಿಗೆ ಸೂಟಿ ಕೊಟ್ಟಿದ್ರು. ನಾವು ಸೂಟಿ ಕೇಳಿದ್ದಿಲ್ಲ, ಆದ್ರೂ ತಿಂಗಳ ಕೊನಿಗೆ ಆ ದಿನಗಳ ರೊಕ್ಕ ಮುರಕೊಂಡು ಕೊಟ್ರು. ಕೊರೊನಾದಾಗ ಹೇಳೂದ ಬ್ಯಾಡ. ನಮ್ಮ ಅಪ್ಪ ತೀರಿಕೊಂಡಾಗ ಮೂರನೇ ದಿನಕ್ಕ ಕ್ಲಾಸಿಗೆ ಹೋಗಿದ್ದೆ. ಮಣ್ಣು ಕೊಟ್ಟು ಬಂದ ಕೈಯಿಂದ ಬೋರ್ಡ್ ಮ್ಯಾಲೆ ಬೆಂಜೀನಿನ ಚಿತ್ರ ತಗದೆ. ಹುಡುಗ್ಯಾರು ಒಬ್ಬರೂ ಮಾತಾಡಲಿಲ್ಲ.

ಹೋದ ವರ್ಷ, 2025ರ ಏಪ್ರಿಲ್ ಕೊನಿಗೆ, ಬಿ.ಎಸ್ಸಿ.ಗೆ ಹುಡುಗರು ಕಡಿಮಿ ಆಗ್ಯಾರ, ಮುಂದಿನ ವರ್ಷ ಎಷ್ಟು ತಾಸು ಸಿಗತಾವ ಜೂನ್‌ದಾಗ ಹೇಳ್ತೀವಿ ಅಂತ ಕರದು ಹೇಳಿದ್ರು. ಹನ್ನೊಂದು ವರ್ಷದಿಂದ ಪ್ರತಿ ಬ್ಯಾಸಿಗಿಗೆ ಇದ ಮಾತು ಕೇಳಿದ್ದೆ. ಅವತ್ತ ಮನಿಗೆ ಬಂದು ರೊಟ್ಟಿ ಬಡದು ಎಲ್ಲಾರಿಗೂ ಉಣಾಕ ಹಾಕಿ, ರಾತ್ರಿ ಹತ್ತಕ್ಕ ಲ್ಯಾಪ್‌ಟಾಪ್ ತಗದು ಅರ್ಜಿ ಹಾಕಾಕ ಕುಂತೆ. ಹದಿನಾಲ್ಕು ಕಡೆ ಹಾಕಿದೆ. ಹನ್ನೆರಡು ಕಡೆಯಿಂದ ಉತ್ತರಾನ ಬರಲಿಲ್ಲ. ಎರಡು ಕಡೆಯಿಂದ ಬಂತು, ಒಂದ ವಾರದಾಗ ಎರಡೂ.

ಒಂದು ಬೆಂಗಳೂರಾಗ. ಬೊಮ್ಮಸಂದ್ರದ ಕಡೆ, ಔಷಧ ಕಂಪನಿಗಳಿಗೆ ಮಾಲು ತಪಾಸಣಿ ಮಾಡಿಕೊಡೂ ಒಂದು ಲ್ಯಾಬ್. ಕೈಗೆ 46,000. ಇನ್ನೊಂದು ನಮ್ಮ ಕಡೆಯದ, ಬಸ್ಸಿನಾಗ ಮುಕ್ಕಾಲು ತಾಸಿನ ಹಾದಿ, ಸಕ್ರಿ ಕಾರ್ಖಾನಿ ಲ್ಯಾಬ್‌ನಾಗ ಕೆಮಿಸ್ಟ್. ಕೈಗೆ 27,000. ಹೆಸರು ಎರಡರದೂ ಬರಿಯೂದಿಲ್ಲ, ಗೊತ್ತಿದ್ದವರು ಗೊತ್ತಿದ್ದಷ್ಟಕ್ಕ ಬಿಡ್ರಿ.

46 ಮತ್ತು 27. ಕೇಳಿದ್ರ ಇದರಾಗ ವಿಚಾರ ಮಾಡೂದೇನೈತಿ ಅಂತೀರಿ. ನಾನೂ ಹಂಗ ಅಂದಿದ್ದೆ. ಆಮ್ಯಾಲೆ ಲೆಕ್ಕಕ್ಕ ಕುಂತೆ.

ಸಕ್ರಿ ಲ್ಯಾಬ್‌ನಾಗ ಎರಡು ಮಾತು ದಿನಾ ಬರ್ತಾವ: ಬ್ರಿಕ್ಸ್ ಮತ್ತು ಪೋಲ್. ಕಬ್ಬಿನ ರಸದಾಗ ಕರಗಿದ್ದು ಎಲ್ಲಾ ಕೂಡಿ ಎಷ್ಟು ಅನ್ನೂದು ಬ್ರಿಕ್ಸ್. ಅದರಾಗ ಖರೇ ಸಕ್ರಿ ಎಷ್ಟು ಅನ್ನೂದು ಪೋಲ್. ರಸದ ಬ್ರಿಕ್ಸ್ 18 ಇದ್ದು ಪೋಲ್ 15.3 ಇದ್ರ, ನೂರಕ್ಕ 85 ಅಂದಂಗಾತು, ಅದಕ್ಕ ಪ್ಯೂರಿಟಿ ಅಂತಾರ. ಬ್ರಿಕ್ಸ್ ನೋಡಿ ಹಿಗ್ಗಬಾರದು, ಚೀಲ ತುಂಬೂದು ಪೋಲ್. ಪಗಾರದ್ದೂ ಹಂಗ ಅಂತ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ತಗದು ಹಿಂದ ಬರಕೋತ ಹೋದೆ.

ಬೆಂಗಳೂರು: ಒಂದು ಖೋಲಿ, ಒಂದು ಅಡಗಿಮನಿ ಬಾಡಿಗಿ 12,000. ಊಟ, ಗ್ಯಾಸು, ಲೈಟು 7,000. ದಿನದ ಬಸ್ಸು 2,500. ತಿಂಗಳಿಗೆ ಎರಡು ಸಲ ಊರಿಗೆ ಬಂದು ಹೋಗೂದು 2,500. ಚಿಕ್ಕೋಡಿ ಊರಾಗ ರೈಲಿಲ್ಲ, ರಾಯಬಾಗಕ್ಕ ಹೋಗಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡೀಬೇಕು, ರಾತ್ರಿ ಪೂರಾ ಗಾಡಿಯಾಗ. ನಾ ಇಲ್ಲದ ಮನ್ಯಾಗ ಕೆಲಸಕ್ಕ ಒಬ್ಬಾಕಿ ಮತ್ತ ಮಗಳ ಟ್ಯೂಷನ್ ಕೂಡಿ 6,000. ಒಟ್ಟು 30,000. ಉಳಿಯೂದು 16,000.

ಕಾರ್ಖಾನಿ: ಬಸ್ಸು 1,500, ಮನಿ ಖರ್ಚಿಗೆ ನಾ ಕೊಡೂದು 8,000, ಹಿಡಿಖರ್ಚು 1,500. ಒಟ್ಟು 11,000. ಉಳಿಯೂದು 16,000.

ಎರಡು ಸಲ ಕೂಡಿಸಿದೆ. ಅಷ್ಟ. ಬ್ರಿಕ್ಸ್ ಬ್ಯಾರೆ ಬ್ಯಾರೆ, ಪೋಲ್ ಒಂದ. ತಕ್ಕಡಿ ಹಂಗ ನಡಬರಕ ನಿಂತಬಿಟ್ಟಿತು.

ತಕ್ಕಡಿ ನಡಬರಕ ನಿಂತಾಗ ಎಲ್ಲಾರೂ ಒಂದೊಂದು ಕೈ ಹಚ್ಚಾಕ ಬರ್ತಾರ. ಪುಣೆದಾಗಿನ ನನ್ನ ನಾದಿನಿ "ವೈನಿ, ಕಣ್ಣು ಮುಚ್ಚಿ ಬೆಂಗಳೂರಿಗೆ ಹೋಗ್ರಿ, ಮೂರು ವರ್ಷಕ್ಕ ಪಗಾರ ಡಬಲ್ ಆಗ್ತೈತಿ, ಊರಾಗ ಕುಂತ್ರ ಊರಾಗ ಉಳೀತೀರಿ" ಅಂದ್ಲು. ಆಕಿ ಹೇಳಿದ್ದರಾಗ ಸುಳ್ಳಿಲ್ಲ. ನಮ್ಮವ್ವ "ಹೆಣ್ಣಕೂಸನ್ನ ಬಿಟ್ಟು ಅಷ್ಟು ದೂರ ಹ್ಯಾಂಗ ಹೋಕ್ಕಿ?" ಅಂದ್ಲು. ಬಾಜೂಮನಿ ಕಾಕು "ಪಿಎಚ್‌ಡಿ ಮಾಡಿ ಗಾಣಕ್ಕ ಹೋಗೂದು ಯಾರರ ಕೇಳ್ಯಾರೇನ?" ಅಂದ್ರು. ನಮ್ಮ ಮನಿಯವ್ರಿಗೆ ಗೊಬ್ಬರ-ಬೀಜದ ಅಂಗಡಿ, ಅದನ್ನ ಬಿಟ್ಟು ಅವರು ಬರೂಹಂಗಿಲ್ಲ. ಅವರು ಅಂದದ್ದು ಎರಡ ಮಾತು: "ನಿನ್ನ ಇಚ್ಛಾ." ನೀವು ಎಲ್ಲಾರೂ "ನಿನ್ನ ಗಂಡ ಎಷ್ಟು ಛಲೋ, ಅಡ್ಡ ಬರಲಿಲ್ಲ" ಅಂತೀರಿ. ಹೌದು, ಅಡ್ಡ ಬರಲಿಲ್ಲ. ಆದ್ರ 'ನಿನ್ನ ಇಚ್ಛಾ' ಅಂದು ಅವರು ಮಲಗಿ ಗೊರಕಿ ಹೊಡಿಯೂ ಮುಂದ, ನಾ ಎಚ್ಚರಿದ್ದು ಫ್ಯಾನ್ ನೋಡ್ಕೋತ ಬಿದ್ದಿರ್ತಿದ್ದೆ. ನನ್ನ ಇಚ್ಛಾ ಏನಂತ ನನಗ ಗೊತ್ತಿದ್ರ ನಾ ಯಾಕ ಕೇಳ್ತಿದ್ದೆ?

ಕಡೀಕ ಹಾದಿ ತೋರಿಸಿದಾಕಿ ನಮ್ಮ ಅತ್ತಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟಾಕಿ.

ಅತ್ತಿಯ ತವರುಮನಿ ನಿಪ್ಪಾಣಿ. ಈಗಿನ ಹುಡುಗ್ಯಾರಿಗೆ ಗೊತ್ತಿರಲಿಕ್ಕಿಲ್ಲ, ಆಗ ನಿಪ್ಪಾಣಿ ಅಂದ್ರ ತಂಬಾಕು, ತಂಬಾಕು ಅಂದ್ರ ವಖಾರಿ, ವಖಾರಿ ಅಂದ್ರ ಹೆಣ್ಣಮಕ್ಕಳು. ತಂಬಾಕು ಕುಟ್ಟೂದು, ಜರಡಿ ಹಿಡಿಯೂದು, ಚೀಲ ತುಂಬೂದು. ಮೂಗಿಗೆ ಸೆರಗು ಕಟ್ಟಿಕೊಂಡ್ರೂ ಘಾಟು ಗಂಟಲದಾಗ ಇಳೀತಿತ್ತಂತ, ಉಂಡ ಅನ್ನಾನೂ ಕಹಿ ಹತ್ತತಿತ್ತಂತ. ಲಗ್ನಕ್ಕಿಂತ ಮೊದಲ ಅತ್ತಿ ಅಲ್ಲಿ ಐದು ವರ್ಷ ಜರಡಿ ಹಿಡದಾಳ. 1980ರ ಸುಮಾರಿಗೆ ಆ ವಖಾರಿಗಳ ಸಾವಿರಾರು ಹೆಣ್ಣಮಕ್ಕಳು ಸಂಘಟನಾ ಕಟ್ಟಿ ಕೆಲಸ ನಿಲ್ಲಿಸಿ ಹೊರಗ ಬಂದ್ರು. ದೀಪಾ ಧನರಾಜ್ ಅವರಿದ್ದ ಯುಗಾಂತರ ಅನ್ನೂ ಹೆಣ್ಣಮಕ್ಕಳ ಗುಂಪು ಅದರ ಮ್ಯಾಲೆ 1982ರಾಗ ಒಂದು ಸಿನಿಮಾನೂ ಮಾಡೈತಿ. ಅತ್ತಿ ಆ ಸಿನಿಮಾ ನೋಡಿಲ್ಲ. "ನೋಡೂದೇನೈತಿ, ನಾವ ಇದ್ವಲ್ಲ" ಅಂತಾಳ.

ಅವತ್ತ ಸಂಜಿಮುಂದ ಶೇಂಗಾ ಸುಲಕೋತ ಕುಂತಿದ್ವಿ. ನಾ ಕ್ಯಾಲೆಂಡರ್ ಲೆಕ್ಕ ಎಲ್ಲಾ ಹೇಳಿದೆ. 46, 27, 16, 16. ಅತ್ತಿ ಸುಮ್ನ ಕೇಳಿದ್ಲು. ಆಮ್ಯಾಲೆ ಅಂದ್ಲು:

"ನೋಡ ಯವ್ವಾ, ವಖಾರಿಗೆ ಹೊಸದಾಗಿ ಬರೂ ಹುಡುಗ್ಯಾರು ಎಲ್ಲಾರೂ ಕೇಳೂದು ಒಂದ, ದಿನಕ್ಕ ಎಷ್ಟು? ಹಳಿ ಹೆಂಗಸೂರು ಅದನ್ನ ಕೇಳ್ತಿದ್ದಿಲ್ಲ. ಹೋಗದ ದಿನ ಏನ ಕೊಡ್ತಾರ, ಅದನ್ನ ಕೇಳ್ತಿದ್ರು. ಹೋದ ದಿನದ್ದು ಯಾರ ಇದ್ರೂ ಕೊಡ್ತಾರ, ಕೊಡದ ಏನ್ ಮಾಡ್ತಾರ? ಹೋಗಾಕ ಆಗದ ದಿನಾನೂ ಬರ್ತೈತಲ್ಲ. ಬ್ಯಾನಿ, ಬಾಣಂತನ, ಮನ್ಯಾಗ ಒಂದು ಸಾವು. ಮಾಲಕ ಎಂಥಾಂವ ಅನ್ನೂದು ಅವತ್ತ ತಿಳೀತೈತಿ. ನೀ ಹೋಗೂ ದಿನದ ಲೆಕ್ಕ ಹಾಕೀದಿ. ಹೋಗದ ದಿನದ್ದು ಹಾಕಿಲ್ಲ."

ನನ್ನ ಕೈ ನಿಂತಬಿಟ್ಟಿತು. ಹನ್ನೊಂದು ವರ್ಷ ನಾ ಯಾವುದಕ್ಕ ಅತ್ತಿದ್ದೆ ಅನ್ನೂದನ್ನ ಈಕಿ ಒಂದ ಮಾತಿನಾಗ ಹೇಳಿದ್ಲು. ಬಾಣಂತನ, ಹೊಳಿ ಬಂದದ್ದು, ಅಪ್ಪನ ಮಣ್ಣು, ಎಲ್ಲಾ ಹೋಗದ ದಿನಗೋಳ. ಮತ್ತ ಹೊಸ ಕೆಲಸ ಆರಿಸೂ ಮುಂದ ನಾನೂ ಹೊಸ ಹುಡುಗಿ ಹಂಗ ದಿನಕ್ಕ ಎಷ್ಟು ಅಂತ ಕೇಳ್ಕೋತ ಕುಂತಿದ್ದೆ.

ಆ ರಾತ್ರಿ ಅತ್ತಿಯ ಕೂಡ ಕುಂತು ಐದು ಪ್ರಶ್ನಿ ಬರದೆ. ಇವನ್ನ ನೀವೂ ಎಲ್ಲೆರ ಬರದಿಟ್ಟುಕೋರಿ, ನಿಮಗಲ್ಲದಿದ್ರ ನಿಮ್ಮ ಹುಡುಗ್ಯಾರಿಗೆ ಬೇಕಾಗ್ತಾವ.

ಒಂದು, ತಿಂಗಳಿಗೆ ಪಗಾರ ಸಹಿತ ರಜಾ ಎಷ್ಟು, ಮೊದಲನೇ ತಿಂಗಳಿಂದ ಸಿಗತಾವೋ ಆಮ್ಯಾಲೋ? ಎರಡು, ಬಾಣಂತನದ ರಜಾ ಕಾಯಿದೆ ಪ್ರಕಾರ ಐತೇನು? ಆವಾಗ, 2025ರ ಬ್ಯಾಸಿಗಿಯಾಗ, ಜಾರಿ ಇದ್ದ ಕಾಯಿದೆ 1961ರದು. 12 ವಾರ ಇದ್ದದ್ದನ್ನ 2017ರಾಗ ಮೊದಲ ಎರಡು ಮಕ್ಕಳಿಗೆ 26 ವಾರ ಮಾಡ್ಯಾರ. ನನಗ ಇನ್ನ ಬೇಕಿಲ್ಲ, ಆದ್ರ ಈ ಪ್ರಶ್ನಿಗೆ ಅವರು ಮುಖ ಹೆಂಗ ಮಾಡ್ತಾರ ನೋಡಬೇಕು ಅಂದ್ಲು ಅತ್ತಿ. ಮೂರು, ಕೆಲಸ ಇಲ್ಲದ ದಿನ, ಅಂದ್ರ ಸೀಜನ್ ಮುಗದ ಮ್ಯಾಲೆ ಇಲ್ಲಾ ಪ್ರಾಜೆಕ್ಟ್ ನಿಂತ ಮ್ಯಾಲೆ, ನನ್ನ ಗತಿ ಏನು? ನಾಲ್ಕು, ಬಿಡೂ ದಿನ ಕೈಗೆ ಏನು ಬರ್ತೈತಿ? ಪಿಎಫ್ ನಾವು ನೂರಕ್ಕ 12 ಹಾಕಿದ್ರ ಅವರೂ 12 ಹಾಕಬೇಕು. ಐದು ವರ್ಷ ತುಂಬಿದ್ರ ಗ್ರಾಚ್ಯುಟಿ, ವರ್ಷಕ್ಕ 15 ದಿನದ ಪಗಾರದ ಲೆಕ್ಕ. ಐದು, ಇದೆಲ್ಲಾ ಯಾರು ಬರದು ಸಹಿ ಮಾಡಿ ಕೊಡ್ತಾರ?

ಎರಡೂ ಕಡೆ ಕಳಿಸಿದೆ.

ಇಲ್ಲಿ ಒಂದು ಖರೇ ಮಾತು ಹೇಳಬೇಕು, ಯಾಕಂದ್ರ ನೀವು 'ನಮ್ಮವರು ನಮ್ಮವರ' ಅನ್ನೂ ಮಂದಿ. ಬೆಂಗಳೂರಿನವರು ಮರುದಿನ ಉತ್ತರ ಕೊಟ್ರು. ಐದಕ್ಕ ಐದೂ, ಸಾಲು ಹಚ್ಚಿ. ತಿಂಗಳಿಗೆ ಒಂದು ರಜಾ, ಬಾಣಂತನ ಕಾಯಿದೆ ಪ್ರಕಾರ, ಪಿಎಫ್ ಐತಿ. ಆದ್ರ ಕೆಲಸ ಕಂಪನಿಯದಲ್ಲ, ನಡಕ ಒಂದು ಏಜೆನ್ಸಿಯದು. ಹನ್ನೊಂದು ತಿಂಗಳ ಕರಾರು, ಆಮ್ಯಾಲೆ ಹೊಸ ಕರಾರು. ಪ್ರಾಜೆಕ್ಟ್ ನಿಂತ್ರ ಒಂದು ತಿಂಗಳ ಮೊದಲ ಹೇಳಿ ಬಿಡಸ್ತೀವಿ. ಮುಚ್ಚಿಡಲಿಲ್ಲ, ಸಿಹಿ ಹಚ್ಚಲಿಲ್ಲ. ಆ ಇಮೇಲ್ ಓದಿ ನನಗ ಅವರ ಮ್ಯಾಲೆ ಮಾನ ಬಂತು.

ನಮ್ಮ ಕಡೆಯವರು? ಫೋನ್ ಮಾಡಿ ನಕ್ಕರು. "ಅಲ್ರಿ ಮ್ಯಾಡಮ್, ನಮ್ಮ ಊರಿನ ಸೊಸಿ ನೀವು, ನಿಮ್ಮ ಕಬ್ಬು ನಮ್ಮಲ್ಲೇ ಬರ್ತೈತಿ, ನಮ್ಮ-ನಿಮ್ಮ ನಡಕ ಬರದುಕೊಡೂದೇನ್ರಿ?" ಅಂದ್ರು. ಒಂದು ಗಳಿಗಿ ನನಗೂ ನಾಚಿಕಿ ಆತು, ಹೆಚ್ಚು ಮಾತಾಡಿದೆ ಏನೋ ಅಂತ. ಅತ್ತಿಗೆ ಹೇಳಿದೆ. "ಕಾಲೇಜಿನವರೂ ನಿನಗ ಭಾಳ ಗೋಡಾಗಿ ಮಾತಾಡ್ತಿದ್ರಲ್ಲ?" ಅಂದ್ಲು, ಅಷ್ಟ. ಮತ್ತ ಶೇಂಗಾ ಸುಲಿಯಾಕತ್ತಿದ್ಲು.

ಮೂರು ಸಲ ಕಾರ್ಖಾನಿಗೆ ಹೋದೆ. ಮೊದಲನೇ ಸಲ ಸಾಹೇಬ್ರು ಇರಲಿಲ್ಲ. ಎರಡನೇ ಸಲ ಇದ್ರು, ಚಾ ಕುಡಿಸಿ ಕಳಿಸಿದ್ರು. ಮೂರನೇ ಸಲ ನಾನ ಒಂದು ಕಾಗದ ಟೈಪ್ ಮಾಡಿಸಿಕೊಂಡು ಹೋಗಿ ಮೇಜಿನ ಮ್ಯಾಲಿಟ್ಟೆ. "ಸಾಹೇಬ್ರ, ಬೆಂಗಳೂರಿನವರು ನನ್ನ ಮುಖಾನೂ ನೋಡಿಲ್ಲ, ಅವರು ಬರದುಕೊಟ್ಟಾರ. ನೀವು ನನ್ನ ಮಾವನ್ನ ನೋಡಿದವರು. ನಿಮಗ ಬರದುಕೊಡೂದು ಇನ್ನೂ ಸಸಾರ ಆಗಬೇಕು" ಅಂದೆ. ಎಲ್ಲಿಂದ ಬಂತೋ ಧೈರ್ಯ. ಕಾಲು ಮೇಜಿನ ಕೆಳಗ ನಡಗಾಕತ್ತಿದ್ವು.

ಸಕ್ರಿ ಕಾರ್ಖಾನಿಯಾಗ ಸೀಜನ್ ಮಂದಿ ಬ್ಯಾರೆ, ವರ್ಷಪೂರ್ತಿ ಮಂದಿ ಬ್ಯಾರೆ. ಸೀಜನ್ ಮಂದಿಗೆ ಕಬ್ಬು ನುರಿಸೂ ತಿಂಗಳದಾಗ ಪಗಾರ, ಉಳದ ತಿಂಗಳಿಗೆ ರಿಟೆನ್ಷನ್ ಅಂತ ಅದರ ಒಂದು ಪಾಲು ಅಷ್ಟ. ನನ್ನನ್ನ ಮೊದಲು ಸೀಜನ್ ಪಟ್ಟಿಯಾಗ ಬರಕೊಂಡಿದ್ರಂತ, ಅದನ್ನ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ! ಮೂರನೇ ಪ್ರಶ್ನಿ ಕೇಳದಿದ್ರ ಮಾರ್ಚ್ ಮುಗದ ಮ್ಯಾಲೆ ನನಗ ತಿಳೀತಿತ್ತು. ಒಂದು ವಾರ ಹಿಡದು, ನಾಲ್ಕು ಫೋನ್ ಮಾಡಿ, ಕಡೀಕ ಕಾಗದ ಬಂತು. ವರ್ಷಪೂರ್ತಿ ಪಟ್ಟಿ. ಸೀಜನ್ ಇಲ್ಲದಾಗ ರೈತರ ಮಣ್ಣು-ನೀರು ತಪಾಸಣಿ ಕೆಲಸ, ಪೂರಾ ಪಗಾರ. ಒಂದು ವರ್ಷ ಪ್ರೊಬೇಷನ್, ಅದರಾಗೂ ಹತ್ತು ದಿನ ಸಿಎಲ್. ಪಿಎಫ್. ನಾ ಬಿಟ್ಟುಕೊಟ್ಟದ್ದೂ ಐತಿ: ಮಗಳು ದೊಡ್ಡಾಕಿ ಆಗೂಮಟ ರಾತ್ರಿ ಪಾಳಿ ಒಲ್ಲೆ ಅಂದೆ, ಅದಕ್ಕ ಆ ಭತ್ಯೆ ನನಗಿಲ್ಲ.

ಸಹಿ ಮಾಡಿದೆ. ಬೆಂಗಳೂರಿನವರಿಗೆ ನಾನೂ ಅವರ ಹಂಗ ಐದು ಸಾಲು ಬರದು, ಯಾಕ ಬರೂದಿಲ್ಲ ಅಂತ ಖರೇ ಕಾರಣ ಹೇಳಿದೆ. ಅವರೂ ಗೋಡಾಗಿ ಶುಭ ಹಾರೈಸಿದ್ರು.

ಆದ್ರ ನನ್ನ ನೋಡಿ ಎಲ್ಲಾರೂ ಊರಾಗ ಉಳೀರಿ ಅಂತ ತಿಳ್ಕೋಬ್ಯಾಡ್ರಿ. ಇಲ್ಲಿಯವರು ಕಾಗದ ಕೊಡದಿದ್ರ ನಾ ರಾಯಬಾಗಕ್ಕ ಹೋಗಿ ರೈಲು ಹತ್ತತಿದ್ದೆ, ಚೀಲ ಅರ್ಧ ತುಂಬಿ ಇಟ್ಟಿದ್ದೆ. ಇಪ್ಪತ್ತೈದರ ಹುಡುಗಿ, ಮಕ್ಕಳು-ಮರಿ ಇಲ್ಲ, ಅಂಥಾಕಿ ನನ್ನ ಕೇಳಿದ್ರ ಬೆಂಗಳೂರಿಗೆ ಹೋಗು ಅಂತೀನಿ. ಹನ್ನೊಂದು ತಿಂಗಳ ಕರಾರು ಆಕಿಗೆ ಹನ್ನೊಂದು ತಿಂಗಳ ಕಲಿಕಿ ಆಗ್ತೈತಿ. ನಲವತ್ತಕ್ಕ ಹತ್ರ ಬಂದ ನನಗ ಅದು ಮತ್ತ ಜೂನ್‌ದಾಗ ಹೇಳ್ತೀವಿ ಅಂದಂಗ ಕೇಳಸ್ತು.

ಕಳಕೊಂಡದ್ದೂ ಹೇಳಬೇಕು. ಕಾಲೇಜಿನ ಲ್ಯಾಬ್ ಕೀಲಿ ತಿರುಗಿಸಿ ಕೊಟ್ಟ ದಿನ ಮನಿಗೆ ಬಂದು ಒಂದು ತುತ್ತೂ ಉಣ್ಣಲಿಲ್ಲ. ಹಳ್ಳಿಯಿಂದ ಬರೂ ಹುಡುಗ್ಯಾರು, ಮೊದಲನೇ ಸಲ ಬ್ಯುರೆಟ್ ಹಿಡದು ಟೈಟ್ರೇಷನ್ ಮಾಡೂ ಮುಂದ, ಒಂದ ಹನಿಗೆ ಬಣ್ಣ ಗುಲಾಬಿ ಆದಾಗ ಅವರ ಮಾರಿ ಮ್ಯಾಲೆ ಬರೂ ಬೆಳಕು, ಅದು ಯಾವ ಕಾರ್ಖಾನಿಯಾಗೂ ಸಿಗೂದಿಲ್ಲ. ಈಗ ನನ್ನ ಹೆಸರಿನ ಮುಂದಿನ 'ಡಾ.' ಯಾರಿಗೂ ಬೇಕಿಲ್ಲ, ಎಲ್ಲಾರಿಗೂ ನಾ 'ಲ್ಯಾಬ್ ಮ್ಯಾಡಮ್'. ಒಂದೊಂದು ಸಲ ಅದು ಚುಚ್ಚತೈತಿ.

ಊರಾಗಿನ ಕೆಲಸಕ್ಕ ಇನ್ನೊಂದು ಖರ್ಚು ಐತಿ, ಅದು ನನ್ನ ಕ್ಯಾಲೆಂಡರ್ ಲೆಕ್ಕದಾಗ ಬಂದಿರಲಿಲ್ಲ. 2025ರ ನವೆಂಬರ್‌ದಾಗ, ನನ್ನ ಮೊದಲನೇ ಸೀಜನ್, ಗುರ್ಲಾಪುರ ಕ್ರಾಸಿನಾಗ ರೈತರು ಟನ್ನಿಗೆ 3,500 ಬೇಕು ಅಂತ ಧರಣಿ ಕುಂತ್ರು. ನಮ್ಮ ಜಿಲ್ಲಾ ಪೂರ್ತಿ ಕಾರ್ಖಾನಿ ಬಂದ್ ಆದ್ವು. 7ನೇ ತಾರೀಖಿಗೆ ಸರಕಾರ 3,300 ಅಂತ ಹೇಳಿದ ಮ್ಯಾಲೆ ನಿಂತಿತು. ಆ ದಿನದಾಗ ಅರಿಷಿಣ-ಕುಂಕುಮಕ್ಕ ಹೋದ ಮನ್ಯಾಗ ಒಬ್ಬರು ಎಲ್ಲಾರ ಮುಂದ ನನಗ ಕೇಳಿದ್ರು: "ರಿಕವರಿ ಬರಿಯಾಕಿ ನೀನ ಅಲ್ಲೇನವಾ? ನಮ್ಮ ಕಬ್ಬಿನಾಗ ಸಕ್ರಿ ಕಡಿಮಿ ಅಂತ ಯಾಕ ಬರೀತೀ?"

ಅವರು ಕೇಳಿದ್ದು ತಪ್ಪಲ್ಲ. ಕೇಂದ್ರ ಸರಕಾರದ ಎಫ್‌ಆರ್‌ಪಿ 2025-26ರ ಸೀಜನ್ನಿಗೆ ಕ್ವಿಂಟಲಿಗೆ 355 ರೂಪಾಯಿ ಇತ್ತು, ಅದು ನೂರಕ್ಕ 10.25 ಸಕ್ರಿ ಬಂದಾಗಿನ ದರ. ಅದರ ಮ್ಯಾಲೆ ಪಾಯಿಂಟ್ ಒಂದು ಏರಿದ್ರ ಕ್ವಿಂಟಲಿಗೆ 3.46 ರೂಪಾಯಿ ಏರತಿತ್ತು. ಲ್ಯಾಬ್‌ನಾಗಿನ ಒಂದು ಅಂಕಿ ಅಂದ್ರ ಯಾರದೋ ಮನಿಯ ಒಂದು ಲಗ್ನ, ಒಂದು ಸಾಲಿ ಫೀ. ನಮ್ಮ ಅತ್ತಿಯ ಎರಡೆಕರೆ ಕಬ್ಬೂ ಅದರಾಗ ಐತಿ. "ಕಾಕು, ಮಿಷನ್ ತೋರಿಸಿದ್ದನ್ನ ನಾ ಬರೀತೀನಿ. ನಾ ಇರೂಮಟ ಅದನ್ನ ತಿದ್ದಿ ಬರ್ಯೂದಿಲ್ಲ" ಅಂದೆ. ಅವರು ನಂಬಿದ್ರೋ ಇಲ್ಲೋ ಗೊತ್ತಿಲ್ಲ. ಬೆಂಗಳೂರಾಗ ಇದ್ದಿದ್ರ ನನಗ ಯಾರೂ ಹಿಂಗ ಕೇಳ್ತಿರಲಿಲ್ಲ. ಕೇಳೂದ ಛಲೋ ಅಂತ ಈಗ ಅನಸ್ತೈತಿ, ಆದ್ರ ಅವತ್ತ ಕುಂಕುಮ ಹಚ್ಚಿಕೊಳ್ಳೂ ಕೈ ಬಿಗಿ ಆಗಿತ್ತು.

ಜನವರಿಯಾಗ ಮಗಳಿಗೆ ಟೈಫಾಯ್ಡ್ ಆತು. ಕಾರ್ಖಾನಿ ಭರಪೂರ ನಡದಿತ್ತು, ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ದವಾಖಾನಿಯಾಗ ಸಲಾಯಿನ್ ಹಚ್ಚಿದ್ರು. ನಾಲ್ಕು ದಿನ ನಾ ಕೆಲಸಕ್ಕ ಹೋಗಲಿಲ್ಲ. ಮೊದಲನೇ ದಿನ ರಜಾ ಅರ್ಜಿ ವಾಟ್ಸಾಪ್ ಮಾಡೂ ಮುಂದ ಹಳಿ ಅಂಜಿಕಿ ಬಂತು. 'ಆರಾಮ ಆಗ್ರಿ, ಮುಂದಿನ ವರ್ಷ ಬರ್ರಿ' ಅಂತ ಉತ್ತರ ಬರ್ತೈತೇನೋ ಅಂತ. "ಸರಿ" ಅಂತ ಬಂತು. ಅಷ್ಟ. ಮಗಳು ಮಲಗಿದ್ಲು, ನಾ ಆಕಿಯ ಕಾಲ ಹತ್ರ ಕುಂತು ಆ ಎರಡಕ್ಷರ ಎಷ್ಟು ಸಲ ನೋಡಿದೆನೋ.

ತಿಂಗಳ ಕೊನಿಗೆ ಪಗಾರದ ಚೀಟಿ ತಂದೆ. ಅತ್ತಿ ಅಡಗಿಮನ್ಯಾಗ ರೊಟ್ಟಿ ಬಡ್ಯಾಕತ್ತಿದ್ಲು. ಕೈಗೆ ಹಿಟ್ಟು ಹತ್ತಿತ್ತು. ಚೀಟಿ ಪೂರಾ ಓದಾಕ ಬರೂದಿಲ್ಲ ಆಕಿಗೆ, ಅಂಕಿ ಬರ್ತಾವ.

"ನಾಲ್ಕು ದಿನ ಹೋಗಲಿಲ್ಲಲ್ಲ," ಅಂದ್ಲು, "ಅದನ್ನ ಎಲ್ಲಿ ಬರದಾರ ತೋರ್ಸು."

ತೋರಿಸಿದೆ. ಸಿಎಲ್, 4. ಅದರ ಬಾಜೂಕ ಮುರಕೊಂಡದ್ದು, ಸೊನ್ನಿ.

ಅತ್ತಿ ಹಿಟ್ಟಿನ ಬಟ್ಟು ಆ ಸೊನ್ನಿ ಮ್ಯಾಲಿಟ್ಟು ಒಂದು ಗಳಿಗಿ ನೋಡಿದ್ಲು. "ಹಾಂ" ಅಂದು ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿಸಿದ್ಲು. ಚೀಟಿ ಮ್ಯಾಲೆ ಜ್ವಾಳದ ಹಿಟ್ಟಿನ ಆ ಗುರುತು ಇನ್ನೂ ಐತಿ. ಕಪಾಟಿನಾಗ, ಪಿಎಚ್‌ಡಿ ಸರ್ಟಿಫಿಕೇಟ್ ಇಟ್ಟ ಫೈಲಿನಾಗ ಇಟ್ಟೀನಿ.